ನಮ್ಮೂರಿಗೆ ಟಿ.ವಿ. ಬಂದು ಹೋದ ವರ್ಷ

ಎಪ್ಪತ್ತರ ದಶಕದ ಬಾಲ್ಯದ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಹತ್ತು ವರ್ಷದ್ದೆಲ್ಲ ಹೇಳುತ್ತಾ ಕೂತರೆ ನಿಮ್ಮ ಊಟದ ಹೊತ್ತು ಮೀರುತ್ತದೆ. ಅದಕ್ಕೇ ಒಂದೇ ವರ್ಷದ ಕಥೆ ಹೇಳುತ್ತೇನೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ. ಇಷ್ಟು ಕರಾರುವಾಕ್ಕಾಗಿ ತಾರೀಖು ಹೇಳಿದೆ ಅಂತ ನನ್ನ ನೆನಪಿನ ಶಕ್ತಿಯನ್ನು ಹೊಗಳಬೇಡಿ. ತಾರೀಖು ದೊಡ್ಡವನಾದ ಮೇಲೆ ಓದಿ ತಿಳಿದದ್ದು. ನನಗೆ ನೆನಪಿರುವುದು ಬೇರೆಯೇ.

ಮೊದಲು ಒಂದು ಪ್ರಶ್ನೆ. ಕರ್ನಾಟಕದಲ್ಲಿ ಟಿ.ವಿ. ಮೊದಲು ಎಲ್ಲಿಗೆ ಬಂತು? ಎಲ್ಲರೂ ಬೆಂಗಳೂರು ಅಂದಿರಿ. ಹಿಂದಿನ ಸಾಲಿನಲ್ಲಿ ಯಾರೋ ಮೈಸೂರು ಅಂದರು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲು, ಎಮ್ಮೆ ಕಾಯುತ್ತಿದ್ದ ನಾವು ಟಿ.ವಿ. ನೋಡಿದ್ದೆವು. ನಮ್ಮ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ. ಅದೂ ನೇರವಾಗಿ ಉಪಗ್ರಹದಿಂದ.

ನಗಬೇಡಿ, ನಿಜ. ನಾಸಾದವರ ಎಟಿಎಸ್-6 ಅನ್ನುವ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮ್ಮ ದೇಶಕ್ಕೆ ಎರವಲು ಕೊಟ್ಟಿದ್ದರು. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಕೈಗಡ. ಅದನ್ನು ಸರಿಸಿಕೊಂಡು ಬಂದು ಆಫ್ರಿಕಾದ ನೆತ್ತಿಯ ಮೇಲೆ, 36,000 ಕಿಲೋಮೀಟರ್ ಎತ್ತರದಲ್ಲಿ ನಿಲ್ಲಿಸಿದರು. ಅಹಮದಾಬಾದಿನಿಂದ ಕಾರ್ಯಕ್ರಮ ಮೇಲಕ್ಕೆ ಹೋಗುತ್ತಿತ್ತು, ಅಲ್ಲಿಂದ ನಮ್ಮ ಶಾಲೆಯ ಅಂಗಳಕ್ಕೆ ಇಳಿಯುತ್ತಿತ್ತು. ಇದಕ್ಕೆ ಸೈಟ್ ಅಂತ ಹೆಸರು, ಅಂದರೆ ಉಪಗ್ರಹದ ಮೂಲಕ ಟಿ.ವಿ.ಯಲ್ಲಿ ಪಾಠ ಹೇಳುವ ಪ್ರಯೋಗ. ನಮ್ಮ ದೇಶದ ಬಾಹ್ಯಾಕಾಶ ಕೆಲಸಕ್ಕೆ ಬುನಾದಿ ಹಾಕಿದ ವಿಕ್ರಮ್ ಸಾರಾಭಾಯಿ ಕಂಡ ಕನಸು. ಅವರು 1971ರಲ್ಲೇ ತೀರಿಕೊಂಡರು, ಕಣ್ಣಾರೆ ನೋಡಲಿಲ್ಲ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸೆಟ್ಟು ಕೊಟ್ಟರು. ಯಾವ ಹಳ್ಳಿಗಳು? ತೀರಾ ಹಿಂದುಳಿದ ಜಿಲ್ಲೆಗಳ ಹಳ್ಳಿಗಳು. ಹಿಂದುಳಿದವರು ಅನ್ನಿಸಿಕೊಂಡು ನಮಗೆ ಏನಾದರೂ ಮೊದಲು ಸಿಕ್ಕಿದ್ದರೆ ಅದು ಇದೊಂದೇ ಇರಬೇಕು.

ಇನ್ನೊಂದು ಮಾತು, ನನಗೆ ಬಹಳ ಇಷ್ಟವಾದದ್ದು. ಉಪಗ್ರಹವನ್ನು ಆಕಾಶದಲ್ಲಿ ಒಂದೇ ಕಡೆ ನಿಲ್ಲಿಸಿ ಅದರಿಂದ ಸುದ್ದಿ ಕಳಿಸಬಹುದು ಅಂತ 1945ರಲ್ಲೇ ಬರೆದ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಕೊಲಂಬೊದಲ್ಲಿ ವಾಸವಾಗಿದ್ದರು. ನಮ್ಮ ಇಸ್ರೋದವರು ಅವರ ಮನೆಗೂ ಹೋಗಿ ಒಂದು ಡಿಶ್ ಹಾಕಿಕೊಟ್ಟು ಬಂದರು. ಅಂದರೆ ಕ್ಲಾರ್ಕ್ ಸಾಹೇಬರ ಮನೆಯಲ್ಲಿ ಒಂದು, ಕಾಗಿಣಾ ನದಿ ದಂಡೆಯ ನಮ್ಮೂರಲ್ಲಿ ಒಂದು. ಅವರಿಗೆ ಅದು ಏನು ಅಂತ ಗೊತ್ತಿತ್ತು. ನಮಗೆ ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮೂರು ಸೇಡಂ ತಾಲೂಕು. ರಾಷ್ಟ್ರಕೂಟರ ಮಳಖೇಡಕ್ಕೆ ಎತ್ತಿನ ಬಂಡಿಯಲ್ಲಿ ಹೋಗಿ ಬರುವಷ್ಟು ದೂರ. ಕರಿ ಎರೆ ಭೂಮಿ, ಜೋಳ, ತೊಗರಿ, ಮನೆಗಳಿಗೆ ಶಹಾಬಾದ್ ಪರ್ಸಿ ಕಲ್ಲು, ಮೇಲೆ ಮಣ್ಣಿನ ಮಾಳಿಗೆ. 1972ರ ಬರ ಮುಗಿದು ಮೂರು ವರ್ಷವಾಗಿತ್ತು. ಮನೆಯ ಹೆಂಗಸರು ಆಗಲೂ ಹಿಟ್ಟನ್ನು ಅಳೆದೇ ನಾದುತ್ತಿದ್ದರು. ಊರಿನಲ್ಲಿ ರೇಡಿಯೊ ಇದ್ದದ್ದು ಮೂರು ಮನೆಯಲ್ಲಿ. ಅದಕ್ಕೂ ಪೋಸ್ಟ್ ಆಫೀಸಿಗೆ ಹೋಗಿ ಲೈಸೆನ್ಸ್ ಫೀ ಕಟ್ಟಬೇಕಿತ್ತು ಅಂದರೆ ಇವತ್ತಿನ ಹುಡುಗರು ನಂಬುವುದಿಲ್ಲ. ಕರೆಂಟು ಇತ್ತು ಅಂತ ಹೇಳಬಹುದು. ಕಂಬಗಳಂತೂ ಇದ್ದವು.

ಗುಲಬರ್ಗಾ ಅಂದೆ, ನೋಡಿದಿರಾ? ನೀವು ಕಲಬುರಗಿ ಅಂತೀರಿ. ಸರಕಾರದ ಕಾಗದದಲ್ಲಿ ಹೆಸರು ಬದಲಾದದ್ದು 2014ರ ನವೆಂಬರ್ 1ಕ್ಕೆ. ಆದರೆ ನಮ್ಮ ಆಯಿ, ಅಂದರೆ ಅಜ್ಜಿ, ಹುಟ್ಟಿದಾಗಿಂದ ಸಾಯೋ ತನಕ ‘ಕಲಬುರ್ಗಿ’ ಅಂತಲೇ ಅಂದವಳು. ‘ಕಲಬುರ್ಗಿಗಿ ಹೋಗಿ ಶರಣಬಸಪ್ಪಗ ಕಾಯಿ ಒಡಸ್ಕೊಂಡು ಬರ್ತೀನಿ’ ಅನ್ನುತ್ತಿದ್ದಳು. ಶಾಲೆಗೆ ಹೋದ ನಾವು ಮಾತ್ರ ಗುಲಬರ್ಗಾ ಅಂತ ಕಲಿತೆವು. ಈಗ ಆಯಿಯ ಮಾತೇ ಗೆದ್ದಿದೆ. ಇರಲಿ, ಡಿಶ್ ಕಡೆ ಬರೋಣ.

ನೀವು ಮನೆ ಮೇಲೆ ನೋಡುವ ಊಟದ ತಟ್ಟೆಯಂಥ ಡಿಶ್ ಅಲ್ಲ. ಹತ್ತು ಅಡಿ ಅಗಲ. ಕೋಳಿ ಗೂಡಿಗೆ ಹಾಕುತ್ತಾರಲ್ಲ, ಅಂಥ ತಂತಿ ಜಾಳಿಗೆಯದ್ದು. ಜೀಪಿನಲ್ಲಿ ಬಂದವರು ಸರಳು, ಜಾಳಿಗೆ ಎಲ್ಲ ಇಳಿಸಿ ಶಾಲೆಯ ಅಂಗಳದಲ್ಲಿ ಜೋಡಿಸತೊಡಗಿದರು. ಊರಿಗೆ ಊರೇ ಸೇರಿತ್ತು. ಕುಂಬಾರ ಕಾಕಾ ಇದು ಮಳೆ ಹಿಡಿಯುವ ಬುಟ್ಟಿ ಅಂದ. ಜಾಳಿಗೆಯಲ್ಲಿ ಮಳೆ ಹ್ಯಾಗ ನಿಲ್ತದ ಅಂತ ಯಾರೋ ಕೇಳಿದರು. ಮಳೆ ಅಲ್ಲ, ಮೋಡ ಹಿಡಿಯೋದು ಅಂದ. ಬರ ಕಂಡು ಬಂದವರಿಗೆ ಆಕಾಶದ ಕಡೆ ಬಾಯಿ ತೆರೆದ ಯಾವ ವಸ್ತುವಾದರೂ ಮಳೆಗೇ ಸಂಬಂಧಪಟ್ಟದ್ದು ಅಲ್ವಾ.

ಅದರ ಮುಖವನ್ನು ಪಶ್ಚಿಮಕ್ಕೆ ತಿರುಗಿಸಿದರು. ನೆಟ್ಟಗೆ ಪಶ್ಚಿಮ ಅಲ್ಲ, ತುಸು ದಕ್ಷಿಣಕ್ಕೆ. ನಮ್ಮೂರ ಮಸೀದಿ ನೋಡಿಕೊಳ್ಳುತ್ತಿದ್ದ ಮುಲ್ಲಾ ಮುತ್ಯಾ (ಅಜ್ಜನಿಗೆ ನಮ್ಮ ಕಡೆ ಮುತ್ಯಾ ಅಂತಾರೆ) ಬಹಳ ಹೊತ್ತು ಸುಮ್ನೆ ನಿಂತು ನೋಡಿದರು. ಅವರಿಗೆ ಇದು ಪರಿಚಯದ ದಿಕ್ಕು. ಆಮೇಲೆ ಹತ್ತಿರ ಹೋಗಿ ಎಂಜಿನಿಯರಿಗೆ ಹೇಳಿದರು: ‘ಸಾಬ್, ದಿಕ್ಕು ಜರಾ ತಪ್ಪ್ಯಾದ ನೋಡ್ರಿ. ಇನ್ನ ಸ್ವಲ್ಪ ಬಲಕ್ಕ ತಿರಗಸ್ಬೇಕು.’ ಆ ಎಂಜಿನಿಯರಿಗೆ ಕನ್ನಡ ಬರುತ್ತಿರಲಿಲ್ಲ. ನಕ್ಕು ಸಲಾಂ ಮಾಡಿದ. ಮುಲ್ಲಾ ಮುತ್ಯಾ ಆ ವರ್ಷವೆಲ್ಲ ಡಿಶ್ ಮುಂದೆ ಹಾದು ಹೋಗುವಾಗ ಒಮ್ಮೆ ನಿಂತು, ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದರು.

ಸೆಟ್ಟು ಹೈದರಾಬಾದಿನ ಇಸಿಐಎಲ್ ಕಂಪನಿಯದ್ದು. ಅದರ ಕೋಣೆಯ ಬೀಗದ ಕೈ ನಮ್ಮ ಮಾಸ್ತರರ ಹತ್ತಿರ. ಅವರು ಅದನ್ನು ಉಡದಾರಕ್ಕೆ ಕಟ್ಟಿಕೊಂಡಿದ್ದರು. ಸಂಜೆ ಧೋತರ ಸರಿಸಿ ಕೀಲಿ ತೆಗೆಯುವಾಗ ಎಲ್ಲರೂ ಮರ್ಯಾದೆಯಿಂದ ಬೇರೆ ಕಡೆ ನೋಡಬೇಕು. ಹುಡುಗರು ನೋಡುತ್ತಿರಲಿಲ್ಲ ಅಂತ ಹೇಳಲಾರೆ.

ಎಲ್ಲರೂ ಒಟ್ಟಿಗೆ ಕೂತು ನೋಡಿದೆವು, ಜಾತಿ ಮತ ಮರೆತೆವು ಅಂತ ಹೇಳಿದರೆ ನಿಮಗೆ ಖುಷಿಯಾಗುತ್ತದೆ. ಆದರೆ ಹಾಗಾಗಲಿಲ್ಲ. ಮುಂದೆ ಚಾಪೆ ಮೇಲೆ ಯಾರು, ಹಿಂದೆ ಮಣ್ಣಿನ ಮೇಲೆ ಯಾರು ಅನ್ನುವುದು ಮೊದಲ ದಿನವೇ ತಾನಾಗಿಯೇ ನಿರ್ಧಾರವಾಗಿಬಿಟ್ಟಿತ್ತು. ಕೆಳಗಿನ ಕೇರಿಯ ದೊಡ್ಡವರು ಎಷ್ಟೋ ವಾರ ಕಂಪೌಂಡಿನ ಹೊರಗೆ ನಿಂತೇ ನೋಡಿದರು. ಅವರ ಮಕ್ಕಳು ನಮ್ಮ ಜೊತೆ ಶಾಲೆಗೆ ಬರುತ್ತಿದ್ದರಲ್ಲ, ಅವರು ಮೊದಲು ಗೋಡೆ ಹತ್ತಿ ಕೂತರು, ಆಮೇಲೆ ಒಳಗೆ ಜಿಗಿದರು. ಯಾರೂ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಹೆಂಗಸರು ರೊಟ್ಟಿ ಬಡಿದು ಮುಗಿಸಿ ಬರುವಷ್ಟರಲ್ಲಿ ಅರ್ಧ ಆಗಿರುತ್ತಿತ್ತು. ನಮ್ಮವ್ವ ಆ ವರ್ಷ ಒಂದು ಕಾರ್ಯಕ್ರಮವನ್ನೂ ಶುರುವಿನಿಂದ ನೋಡಲಿಲ್ಲ. ಹಾಗಾಗಿ ಎಲ್ಲವನ್ನೂ ನಡುವಿನಿಂದ ಹಿಡಿದು, ಶುರು ಏನಿತ್ತು ಅಂತ ತಾನೇ ಕಟ್ಟಿಕೊಳ್ಳುತ್ತಿದ್ದಳು. ಅವಳು ಕಟ್ಟಿದ್ದೇ ಚೆನ್ನಾಗಿರುತ್ತಿತ್ತು.

ಸಂಜೆ ಎರಡೂವರೆ ತಾಸು ಪ್ರಸಾರ. ಅದನ್ನು ಹಿಂದಿ, ಒಡಿಯಾ, ತೆಲುಗು, ಕನ್ನಡಕ್ಕೆ ಹಂಚಬೇಕು. ಕನ್ನಡ, ತೆಲುಗು ಕಾರ್ಯಕ್ರಮ ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ಆ ಉಪಗ್ರಹದಲ್ಲಿ ಒಂದು ಚಿತ್ರದ ಜೊತೆ ಎರಡು ಧ್ವನಿ ಕಳಿಸುವ ಅನುಕೂಲ ಇತ್ತು. ಒಂದೇ ಚಿತ್ರ, ಆಂಧ್ರದ ಹಳ್ಳಿಯಲ್ಲಿ ತೆಲುಗು, ನಮ್ಮಲ್ಲಿ ಕನ್ನಡ. ಇದರ ಪರಿಣಾಮ ಏನಾಯಿತು ಗೊತ್ತಾ? ಎಷ್ಟೋ ಸಲ ಬಾಯಿ ಒಂದು ಆಡುತ್ತಿತ್ತು, ಮಾತು ಇನ್ನೊಂದು ಬರುತ್ತಿತ್ತು. ನಾವು ಅದಕ್ಕೆ ಮೊದಲು ಟಿ.ವಿ. ಕಂಡವರಲ್ಲ. ಟಿ.ವಿ.ಯೊಳಗಿನ ಮಂದಿ ಮಾತಾಡುವುದೇ ಹೀಗೆ ಅಂದುಕೊಂಡೆವು. ನನ್ನ ತಂಗಿ ಮನೆಯಲ್ಲಿ ‘ಟಿ.ವಿ. ಮಾತು’ ಆಡುತ್ತಿದ್ದಳು. ಮೊದಲು ಸುಮ್ಮನೆ ತುಟಿ ಅಲ್ಲಾಡಿಸುವುದು, ಆಮೇಲೆ ತುಟಿ ಮುಚ್ಚಿಕೊಂಡು ‘ನೀರು ಕೊಡಿ’ ಅನ್ನುವುದು. ಕೊಡಿ! ನಮ್ಮ ಕಡೆ ‘ಕೊಡ್ರಿ’ ಅಂತಾರೆ. ಅದನ್ನು ಬಿಟ್ಟು ‘ಕೊಡಿ’ ಅನ್ನುವುದೂ ಟಿ.ವಿ. ಮಾತಿನ ಒಂದು ಭಾಗ. ಆಯಿ ಅವಳಿಗೆ ದೃಷ್ಟಿ ತೆಗೆದಳು.

ಹೊಲದ ಕಾರ್ಯಕ್ರಮ ಇದ್ದರೆ ಗಂಡಸರು ಮುಂದೆ ಸರಿದು ಕೂರುತ್ತಿದ್ದರು. ಕಲಿಯೋಕಲ್ಲ, ತಪ್ಪು ಹುಡುಕೋಕೆ. ಒಂದು ಸಂಜೆ ಯಾರೋ ರೈತ ಜೋಳ ಬಿತ್ತುವುದನ್ನು ತೋರಿಸುತ್ತಿದ್ದರು. ಬೀಜಕ್ಕೆ ಔಷಧ ಹಚ್ಚಬೇಕು ಅಂತ ಹೇಳುತ್ತಿದ್ದರು. ಔಷಧದ ಮಾತು ಯಾರ ಕಿವಿಗೂ ಬೀಳಲಿಲ್ಲ. ಜಗಳ ಶುರುವಾದದ್ದು ಬೇರೆ ವಿಷಯಕ್ಕೆ: ಆ ಹೊಲದ ನೆಲ ಯಾವ ಬಣ್ಣದ್ದು? ಕೆಂಪು ನೆಲದ ಬೇಸಾಯವನ್ನು ಕರಿ ಎರೆಯವರಿಗೆ ಹೇಳಿದರೆ ಏನು ಪ್ರಯೋಜನ ಅಂತ ಒಬ್ಬರು. ಕೆಂಪು ಅಂತ ನಿನಗ್ಯಾರು ಹೇಳ್ಯಾರ, ಕರೀದೇ ಅದ ಅಂತ ಇನ್ನೊಬ್ಬರು. ಟಿ.ವಿ. ಕಪ್ಪು ಬಿಳುಪು! ಅದರಲ್ಲಿ ಇಡೀ ಲೋಕವೇ ಬೂದಿ ಬಣ್ಣ. ಆದರೂ ವಾದ ನಿಲ್ಲಲಿಲ್ಲ. ಕೊನೆಗೆ ನಮ್ಮ ಮನೆಯ ಮುತ್ಯಾ, ನನ್ನ ಅಜ್ಜ, ಎದ್ದು ಪರದೆಯ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿ ನೋಡಿದ. ‘ಬದುವಿನ ಮ್ಯಾಲ ನೋಡ್ರಿ, ಬಿರುಕ ಬಿಟ್ಟಾದ. ಎರಿ ಭೂಮೀನೇ ಅದ’ ಅಂದ. ಅಷ್ಟರಲ್ಲಿ ಹೊಲ ಹೋಗಿ ಬೇರೇನೋ ಬಂದಿತ್ತು. ಮರುದಿನ ಕಟ್ಟೆಯ ಮೇಲೂ ಅದೇ ಚರ್ಚೆ. ಆ ಕಾರ್ಯಕ್ರಮದಿಂದ ಎಷ್ಟು ಜನ ಬೀಜೋಪಚಾರ ಕಲಿತರು ಅಂತ ಲೆಕ್ಕ ಹಾಕಲು ಯಾರಾದರೂ ಬಂದಿದ್ದರೆ ಸೊನ್ನೆ ಬರೆದುಕೊಂಡು ಹೋಗುತ್ತಿದ್ದರು. ಆದರೆ ಪರದೆಯ ಮೇಲಿನ ಮಣ್ಣನ್ನು ಅಷ್ಟು ಗಮನವಿಟ್ಟು ನೋಡಿದವರನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.

ಮುತ್ಯಾನ ಇನ್ನೊಂದು ಕಥೆ ಹೇಳಲೇಬೇಕು. ನಮ್ಮದು 1956ರ ತನಕ ಹೈದರಾಬಾದ್ ರಾಜ್ಯ. ನಿಜಾಮರ ಕಾಲದಲ್ಲಿ ಶಾಲೆಗೆ ಹೋದವರಲ್ಲಿ ಬಹಳ ಮಂದಿ ಉರ್ದುವಿನಲ್ಲಿ ಕಲಿತವರು. ಮುತ್ಯಾ ಐದನೇ ಇಯತ್ತೆ ತನಕ ಉರ್ದು ಓದಿದ್ದ. ಆಮೇಲೆ ರಾಜ್ಯ ಬದಲಾಯಿತು, ಕಚೇರಿಗೆ ಕನ್ನಡ ಬಂತು. ಕನ್ನಡದಲ್ಲಿ ಅವನಿಗೆ ಸಹಿ ಮಾತ್ರ ಬರುತ್ತಿತ್ತು. ಓದಿದವನು ಒಂದೇ ಸಲಕ್ಕೆ ಹೆಬ್ಬೆಟ್ಟಿನ ಸಾಲಿಗೆ ಬಂದು ನಿಂತ. ಇದನ್ನು ಅವನು ಬಾಯಿ ಬಿಟ್ಟು ಹೇಳಿದ್ದಿಲ್ಲ. ಟಿ.ವಿ. ಬಂದ ಮೇಲೆ, ದಿನಾ ಅರ್ಧ ತಾಸು ಎಲ್ಲ ರಾಜ್ಯಗಳಿಗೂ ಸೇರಿಸಿ ಹಿಂದಿ ಕಾರ್ಯಕ್ರಮ ಬರುತ್ತಿತ್ತು. ಊರಿನ ಮುಸಲ್ಮಾನರ ಮನೆಯವರಿಗೆ ಅದು ಅರ್ಥವಾಗುತ್ತಿತ್ತು, ಉಳಿದವರಿಗೆ ಅಷ್ಟಕ್ಕಷ್ಟೇ. ಮುತ್ಯಾ ಎದ್ದು ನಿಂತ. ಇಪ್ಪತ್ತು ವರ್ಷ ಗೂಟಕ್ಕೆ ತೂಗು ಹಾಕಿದ್ದ ಉರ್ದುವನ್ನು ಕೆಳಗಿಳಿಸಿದ. ಹೆಗಲ ಮೇಲೆ ಟವೆಲು ಸರಿ ಮಾಡಿಕೊಂಡು ಟಿ.ವಿ. ಪಕ್ಕ ನಿಂತು ಊರಿಗೆ ಕನ್ನಡದಲ್ಲಿ ಹೇಳುತ್ತಿದ್ದ.

ಏನು ಹೇಳುತ್ತಿದ್ದ? ಒಳಗಿನವರು ಐದು ನಿಮಿಷ ಮಾತಾಡಿದರೆ ಮುತ್ಯಾ ಹೇಳುವುದು: ‘ಬಿಹಾರದಾಗ ಮಳಿ ಬಂದದಂತ.’ ಅಷ್ಟೇ. ಇನ್ನೂ ಏನೋ ಅಂದರಲ್ಲ ಅಂತ ಕೇಳಿದರೆ, ‘ಜಾಸ್ತಿ ಬಂದದಂತ.’ ಅದು ತುರ್ತು ಪರಿಸ್ಥಿತಿಯ ಕಾಲ ಬೇರೆ. ದಿಲ್ಲಿಯ ಸುದ್ದಿ ಬಂದರೆ ಸ್ವಲ್ಪ ಹೊತ್ತು ಕೇಳಿ, ನಮ್ಮ ಕಡೆ ತಿರುಗಿ, ‘ಎಲ್ಲಾ ಬರೋಬರಿ ಅದ ಅಂತ ಹೇಳ್ಲತ್ತಾರ’ ಅನ್ನುತ್ತಿದ್ದ. ಹಾಗೆ ಅನ್ನುವಾಗ ಅವನ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಈಗ ಯೋಚಿಸಿದರೆ ಇದಕ್ಕಿಂತ ಒಳ್ಳೆಯ ಅನುವಾದ ಯಾರಿಂದಲೂ ಆಗುತ್ತಿರಲಿಲ್ಲ ಅನಿಸುತ್ತದೆ.

ಅಲ್ಲಿ ಒಬ್ಬ ತಂಗಿ ಕೇಳುತ್ತಿದ್ದಾಳೆ, ಸರ್ ನೀವು ಅದರಿಂದ ಏನು ಕಲಿತಿರಿ ಅಂತ. ಹೇಳುತ್ತೇನಮ್ಮ. ಬೆಳಿಗ್ಗೆ ಶಾಲೆಯ ಮಕ್ಕಳಿಗೇ ಬೇರೆ ಪ್ರಸಾರ ಇತ್ತು, ಕನ್ನಡಕ್ಕೆ ಇಪ್ಪತ್ತು ನಿಮಿಷದ ಮೇಲೆ ಸ್ವಲ್ಪ. ಮನೆಯಲ್ಲಿ ಸಿಗುವ ಸಾಮಾನಿನಿಂದ ಮಾಡುವ ಪ್ರಯೋಗ ತೋರಿಸುತ್ತಿದ್ದರು. ಒಮ್ಮೆ ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದ ಬತ್ತಿ, ಮೇಲೆ ಗಾಜಿನ ಲೋಟ ಬೋರಲು ಹಾಕಿದರು. ಬತ್ತಿ ಆರಿತು, ನೀರು ಸರ್ರನೆ ಲೋಟದೊಳಗೆ ಏರಿತು. ನನಗೆ ತಲೆ ತಿರುಗಿಹೋಯಿತು. ನಾನು ಆಗ ನಾಲ್ಕನೇ ಕ್ಲಾಸು. ಮನೆಗೆ ಬಂದು ಮಾಡಿ ನೋಡಬೇಕು. ಗಾಜಿನ ಲೋಟ ಯಾರ ಮನೆಯಲ್ಲಿತ್ತು? ನಮ್ಮಲ್ಲಿದ್ದ ಗಾಜು ಅಂದರೆ ಕಂದೀಲಿನದ್ದು. ಅದಕ್ಕೆ ಮೇಲೂ ಬಾಯಿ, ಕೆಳಗೂ ಬಾಯಿ. ಪರವಾಗಿಲ್ಲ, ಮೇಲಿನ ಬಾಯಿಗೆ ಅಂಗೈ ಮುಚ್ಚಿದರಾಯಿತು ಅಂದುಕೊಂಡೆ. ಪರಾತದಲ್ಲಿ ನೀರು ಹಾಕಿ, ಹಣತೆ ಹಚ್ಚಿ, ಗಾಜು ಇಟ್ಟು, ಅಂಗೈ ಇಟ್ಟೆ. ನೀರು ಏರುವ ಮೊದಲು ಕೈ ಸುಟ್ಟಿತು. ಕೈ ಎತ್ತಿದ ರಭಸಕ್ಕೆ ಗಾಜು ಉರುಳಿ ಚೂರಾಯಿತು. ಹೊಸ ಗಾಜು ತರಲು ಮುಂದಿನ ಸಂತೆ ಬರಬೇಕು. ಒಂದು ವಾರ ನಮ್ಮನೆಯ ಕಂದೀಲು ಬೆತ್ತಲೆ ಉರಿಯಿತು, ಮಾಡು ಕರ್ರಗಾಯಿತು. ಅಪ್ಪ ಹೊಡೆದ ಪೆಟ್ಟಿನ ಲೆಕ್ಕ ಬೇರೆ. ಆದರೆ ಅಂಗೈ ಯಾಕೆ ಸುಟ್ಟಿತು, ಮೇಲಿನ ಬಾಯಿ ಮುಚ್ಚದಿದ್ದರೆ ದೀಪ ಯಾಕೆ ಆರುವುದಿಲ್ಲ ಅಂತ ಆ ಏಟು ತಿಂದು ಮೂಲೆಯಲ್ಲಿ ಕೂತಾಗ ಯೋಚಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಮುಂದೆ ಮೂವತ್ತು ವರ್ಷ ವಿಜ್ಞಾನದ ಮೇಷ್ಟ್ರಾದೆ. ಆ ಗಾಜಿನಿಂದಲೇ ಆದೆ ಅಂತ ಹೇಳಿದರೆ ಕಥೆ ಚಂದ ಆಗುತ್ತದೆ. ನಿಜ ಅಂದರೆ ನೌಕರಿ ಬೇಕಿತ್ತು, ಸಿಕ್ಕಿತು, ಆದೆ.

ಟಿ.ವಿ. ಮುಂದೆ ಒಬ್ಬರೂ ಇಲ್ಲದ ಸಂಜೆಯೂ ಇತ್ತು. ಎಳ್ಳ ಅಮಾವಾಸ್ಯೆ. ಅವತ್ತು ಊರೆಲ್ಲ ಹೊಲದಲ್ಲಿ. ಬಂಡಿ ಕಟ್ಟಿಕೊಂಡು ಹೋಗಿ, ಚರಗ ಚೆಲ್ಲಿ, ಅಂದರೆ ಅಡುಗೆಯನ್ನು ಎಡೆಯಾಗಿ ಹೊಲಕ್ಕೆ ಚೆಲ್ಲಿ, ಸಜ್ಜೆ ರೊಟ್ಟಿ, ಕಡುಬು, ಅಂಬಲಿ, ಅದರ ಜೊತೆ ಭಜ್ಜಿ. ಬೆಂಗಳೂರಿನವರು ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದು ಅಂದುಕೊಳ್ಳುತ್ತಾರೆ. ನಮ್ಮ ಭಜ್ಜಿ ಹಸಿ ತೊಗರಿ, ಅವರೆ, ಕಡಲೆ, ಸೊಪ್ಪು, ಸಿಕ್ಕ ತರಕಾರಿ ಎಲ್ಲ ಹಾಕಿ, ಕಡಲೆ ಹಿಟ್ಟು ಕಲಸಿ ಬೇಯಿಸುವುದು. ಅದನ್ನು ಉಂಡು ಜೋಳದ ಬೆಳೆಯ ನೆರಳಲ್ಲಿ ಮಲಗಿದವನಿಗೆ ನಾಸಾ ಏನು ತೋರಿಸಿದರೂ ಬೇಡ. ಮಾಸ್ತರರು ಮಾತ್ರ ನಿಯಮದಂತೆ ಸಂಜೆ ಹೋಗಿ ಬೀಗ ತೆಗೆದು, ಒಬ್ಬರೇ ಕೂತು ನೋಡಿ ಬಂದರಂತೆ. ಏನು ಬಂತು ಮಾಸ್ತರ್ರೆ ಅಂತ ಕೇಳಿದರೆ, ‘ಎಳ್ಳ ಅಮಾಸಿ ಬಗ್ಗೆ ಏನೂ ಹೇಳಲಿಲ್ಲ’ ಅಂದರು, ಬೇಜಾರಿನಿಂದ.

ಸುಗ್ಗಿ ಬಂತು, ಜನ ಕಡಿಮೆಯಾದರು. ಬೇಸಿಗೆಯಲ್ಲಿ ಕರೆಂಟು ಜಾಸ್ತಿ ಹೋಯಿತು. ಜುಲೈ ಕೊನೆಗೆ ಮಾಸ್ತರರು, ಇನ್ನು ಮುಂದೆ ಟಿ.ವಿ. ಬರುವುದಿಲ್ಲ, ಅಮೆರಿಕದವರು ಉಪಗ್ರಹ ವಾಪಸ್ ಒಯ್ಯುತ್ತಾರೆ ಅಂದರು. ನಾವು ಹುಡುಗರು ಅತ್ತೆವು. ಆಯಿಗೆ ಮಾತ್ರ ಏನೂ ಅನಿಸಲಿಲ್ಲ. ‘ಕೈಗಡದ ಸಾಮಾನು. ಕೇಳಿದ ದಿನ ತೊಳದು ಕೊಡ್ಬೇಕು’ ಅಂದಳು. ಮದುವೆಗೆ ಊರೆಲ್ಲ ಹಂಡೆ, ಕೊಳಗ ಎರವಲು ತಂದು ತಿಕ್ಕಿ ಕೊಟ್ಟ ಅನುಭವದ ಮಾತದು.

ಸೆಟ್ಟು ಅಲ್ಲೇ ಉಳಿಯಿತು. ಮಾಸ್ತರರು ಕೆಲವು ದಿನ ನಮ್ಮ ಕಾಟಕ್ಕೆ ಹಚ್ಚಿ ತೋರಿಸಿದರು. ಪರದೆ ತುಂಬ ಜರಡಿಯಿಂದ ಜೋಳದ ಹಿಟ್ಟು ಉದುರಿದಂತೆ. ಅದನ್ನೂ ಕೂತು ನೋಡಿದೆವು. 1977ರಲ್ಲಿ ಗುಲಬರ್ಗಾದಲ್ಲೇ ಪ್ರಸಾರ ಕೇಂದ್ರ ಹಾಕಿದರು. ಆದರೆ ಅದು ನೆಲದ ಮೇಲಿನ ಕಂಬದಿಂದ ಬರುವ ಟಿ.ವಿ., ಸುತ್ತಲಿನ ಊರುಗಳಿಗೆ ಸಿಗುತ್ತಿತ್ತು, ನಮ್ಮೂರು ದೂರವಾಯಿತು. ಕ್ಲಾರ್ಕ್ ಸಾಹೇಬರ ಜೊತೆ ಆಕಾಶ ಹಂಚಿಕೊಂಡವರು ನಾವು. ನಮ್ಮೂರಿಗೆ ಮತ್ತೆ ಟಿ.ವಿ. ಬಂದಾಗ ನನಗೆ ಮೀಸೆ ಬಂದಿತ್ತು.

ಡಿಶ್ ಏನಾಯಿತು ಅಂತ ಕೇಳುತ್ತೀರಲ್ಲ. ಮೊದಲು ಅದರಲ್ಲಿ ಹೆಂಗಸರು ಮೆಣಸಿನಕಾಯಿ ಒಣಗಿಸೋಣ ಅಂದರು, ಅದು ವಾಲಿಕೊಂಡಿದ್ದರಿಂದ ಎಲ್ಲ ಕೆಳಗೆ ಜಾರಿದವು. ಆಮೇಲೆ ಶಾಲೆಯ ಜವಾನ ಅದರ ಬುಡದಲ್ಲಿ ಹೀರೆ ಬೀಜ ಹಾಕಿದ. ಬಳ್ಳಿ ಜಾಳಿಗೆ ತುಂಬ ಹಬ್ಬಿತು, ಹಳದಿ ಹೂವು, ಕಾಯಿ ಕೆಳಗೆ ಜೋತಾಡುತ್ತಿದ್ದವು. ಮಾಸ್ತರರು ಸರಕಾರದ ಸಾಮಾನು ಅಂತ ಒಂದೆರಡು ಸಲ ಗದರಿ, ಮೂರನೇ ಸಲ ಕಾಯಿ ತಗೊಂಡು ಮನೆಗೆ ಹೋದರು.

ಒಂದು ಬೇಸಿಗೆ ಅಡ್ಡ ಮಳೆ ಬಂತು. ಬಿರುಗಾಳಿ ಅಂದರೆ ಬಿರುಗಾಳಿ, ಎರಡು ಮನೆಯ ತಗಡು ಹಾರಿತು. ಬೆಳಿಗ್ಗೆ ನೋಡಿದರೆ ಡಿಶ್ ಬೀಳದೆ ನಿಂತಿದೆ, ಆದರೆ ತುಕ್ಕು ಹಿಡಿದ ಬೋಲ್ಟು ಸಡಿಲಾಗಿ ಮುಖ ಒಂಚೂರು ಬಲಕ್ಕೆ ತಿರುಗಿದೆ. ಮುಲ್ಲಾ ಮುತ್ಯಾ ಫಜರ್ ನಮಾಜು ಮುಗಿಸಿ ಆ ದಾರಿಯಲ್ಲೇ ಬಂದರು. ಎಂದಿನಂತೆ ನಿಂತರು. ಮಸೀದಿಯ ಕಡೆ ಒಮ್ಮೆ ನೋಡಿದರು, ಡಿಶ್ ಕಡೆ ಒಮ್ಮೆ ನೋಡಿದರು. ಆಮೇಲೆ ಅಂಗಳದಲ್ಲಿ ಕಸ ಆರಿಸುತ್ತಿದ್ದ ನಮ್ಮನ್ನು ಕರೆದು ಹೇಳಿದರು:

‘ಈಗ ಬರೋಬರಿ ಆತು ನೋಡ್ರಿ.’